ಎದುರು ಕೂತವರ ಎಡ

ನಾನು ಒಂದು ಕ್ಷೌರದ ಕತ್ತಿ. ಕತ್ತಿಗೂ ಹೆದರಿಕೆಯೇ ಎಂದು ನೀವು ನಗಬಹುದು. ನಗಿ. ನನ್ನ ಬಾಯಿಗೆ ಕುತ್ತಿಗೆ ಕೊಟ್ಟು ಕೂತವರು ಯಾರೂ ನಕ್ಕಿದ್ದನ್ನು ನಾನು ಕಂಡಿಲ್ಲ. ಅವರು ಉಸಿರು ಬಿಗಿಹಿಡಿಯುವುದನ್ನು ಕೇಳುತ್ತಲೇ ನಾನು ದೊಡ್ಡವನಾದೆ. ತಪ್ಪು ಜಾಗಕ್ಕೆ ಇಳಿದುಬಿಟ್ಟರೆ? ಹುಟ್ಟಿದಂದಿನಿಂದ ನನಗಿರುವುದು ಇದೊಂದೇ ದಿಗಿಲು.

ನನ್ನನ್ನು ಹುಟ್ಟಿಸಿದವನು ಕಂಬಾರ ಕಾಳಪ್ಪ. ಅದಕ್ಕೂ ಮೊದಲು ನಾನು ಯಾವುದೋ ಲಾರಿಯ ಚಕ್ರದ ಮೇಲೆ ಭಾರ ತಡೆಯುವ ಪಾಟಾ ಆಗಿದ್ದೆ. ಕಲ್ಲು ಹೊತ್ತು ಹೊತ್ತು ಬೆನ್ನು ಮುರಿದು ಗುಜರಿಗೆ ಬಿದ್ದಿದ್ದೆ. ಕಾಳಪ್ಪ ನನ್ನನ್ನು ಕೆಂಪಗೆ ಕಾಯಿಸಿ, ಬಡಿದು, ನೀರಿಗೆ ಅದ್ದಿದ. ಎಮ್ಮೆಕೋಡಿನ ಹಿಡಿ ಕೂಡಿಸಿ ಹಡಪದ ಸಂಗಪ್ಪನ ಕೈಗೆ ಕೊಟ್ಟ. ಸಂಗಪ್ಪ ನನ್ನನ್ನು ತನ್ನ ಚರ್ಮದ ಚೀಲಕ್ಕೆ ಹಾಕಿಕೊಂಡು ಮನೆಮನೆಗೆ ತಿರುಗಿದ.

ಹಳ್ಳಿಯ ಕ್ಷೌರವೆಂದರೆ ಕನ್ನಡಿಯಿಲ್ಲ, ಕುರ್ಚಿಯಿಲ್ಲ. ಮಾಡುವವನು, ಮಾಡಿಸಿಕೊಳ್ಳುವವನು ಎದುರುಬದುರು ಕುಕ್ಕರಗಾಲಲ್ಲಿ ಕೂರಬೇಕು. ಸಂಗಪ್ಪ ತನ್ನ ಮಗ ಅಡಿವೆಪ್ಪನ ಕೈಗೆ ನನ್ನನ್ನು ಕೊಟ್ಟ ಮೊದಲ ದಿನ ಹೇಳಿದ್ದು ಇಷ್ಟು:

"ಎದುರು ಕುಂತಾವನ ಎಡ ನಿನಗ ಬಲ. ಅವನ ಲೆಕ್ಕದಾಗ ನೋಡು. ನಿನ್ನ ಲೆಕ್ಕದಾಗ ನೋಡಿದಿ, ಗೌಡನ ಮೀಸಿ ಹೋತು, ನಿನ್ನ ತಲಿನೂ ಹೋತು."

ಒಂದು ಮಾತು ಒಪ್ಪಿಕೊಳ್ಳಬೇಕು. ಊರ ಗೌಡರ, ಶೆಟ್ಟರ, ಪೂಜಾರಿಗಳ ಗಡ್ಡಗಳನ್ನೆಲ್ಲ ನಾನು ಬಲ್ಲೆ. ಊರಾಚೆಯ ಕೇರಿಯವರ ಗಡ್ಡ ಹೇಗಿರುತ್ತದೆಂದು ಸಂಗಪ್ಪ ಸಾಯುವವರೆಗೂ ನನಗೆ ಗೊತ್ತಿರಲಿಲ್ಲ. ಅವರು ನಾಲ್ಕು ಮೈಲಿ ನಡೆದು ಪೇಟೆಗೆ ಹೋಗಿ ಕ್ಷೌರ ಮಾಡಿಸಿಕೊಳ್ಳುತ್ತಿದ್ದರು. ಊರಿಗೆ ಕೇರಿಯ ದುಡಿಮೆ ಬೇಕಿತ್ತು, ಕೇರಿಯ ಕೂದಲು ಬೇಡವಾಗಿತ್ತು. ಅಪ್ಪ ಸತ್ತ ವರ್ಷ ಅಡಿವೆಪ್ಪ ಕೇರಿಯ ಭರಮಪ್ಪ ಮಾಸ್ತರರನ್ನು ತನ್ನ ಕಟ್ಟೆಯ ಮೇಲೆ ಕೂರಿಸಿಕೊಂಡು ಗಡ್ಡ ಹೆರೆದ. ಅವನೇನೂ ಗಂಡೆದೆಯ ಬಂಟನಲ್ಲ. ಅವತ್ತು ಅವನ ಕೈ ಎಷ್ಟು ನಡುಗಿತೆಂದರೆ ಮಾಸ್ತರರೇ ಅವನ ಮಣಿಕಟ್ಟು ಹಿಡಿದು, ನಿಧಾನಕ್ಕೆ ಮಾಡಪ್ಪ ಎಂದರು. ನಡುಗುತ್ತಲೇ ಮಾಡಿ ಮುಗಿಸಿದ. ಮರುದಿನದಿಂದ ಊರಲ್ಲಿ ಯಾರೂ ಅವನನ್ನು ಕರೆಯಲಿಲ್ಲ. ಆ ಕತ್ತಿ ಕೆಟ್ಟಿತು ಎಂದರಂತೆ ಗೌಡರು. ಕೆಟ್ಟದ್ದು ಯಾವುದೆಂದು ನನಗೆ ಗೊತ್ತು.

ಹಾಗೆ ನಾವಿಬ್ಬರೂ ಪಟ್ಟಣ ಸೇರಿದೆವು. ಕೆಲಕಾಲ ಬಸ್‌ಸ್ಟ್ಯಾಂಡಿನ ಅಂಗಡಿಯೊಂದರಲ್ಲಿದ್ದೆವು. ಆಮೇಲೆ ಅಡಿವೆಪ್ಪನಿಗೆ ದೊಡ್ಡಾಸ್ಪತ್ರೆಯಲ್ಲಿ ಕೆಲಸವಾಯಿತು. ಖಾಕಿ ಅಂಗಿ, ಡಿ ಗ್ರೂಪ್ ನೌಕರಿ. ತಲೆಯ ಆಪರೇಷನ್ ಆಗುವವರ ಕೂದಲು ತೆಗೆಯುವುದು ಅವನ ಪಾಲಿಗೆ ಬಂತು.

ಅಲ್ಲಿ ನನ್ನ ದಿಗಿಲು ಹತ್ತು ಪಟ್ಟಾಯಿತು. ಹಳ್ಳಿಯಲ್ಲಿ ತಪ್ಪಿದರೆ ಒಂದು ಗೀರು, ಒಂದು ಚಿಟಿಕೆ ಪಟಿಕದ ಪುಡಿ, ನಾಲ್ಕು ಬೈಗುಳ. ಇಲ್ಲಿ ಬರುವವರ ಬುರುಡೆಯೊಳಗೆ ಗಡ್ಡೆ. ಕೆಲವರಿಗೆ ಹಣೆಯ ಹಿಂದೆ, ಕೆಲವರಿಗೆ ಬುರುಡೆಯ ತಳದಲ್ಲಿ, ಕಣ್ಣು, ಕಿವಿ, ಗಂಟಲಿನ ನರಗಳೆಲ್ಲ ಹೊರಡುವ ಇಕ್ಕಟ್ಟಿನ ಜಾಗದಲ್ಲಿ. ನಾನು ಆಪರೇಷನ್ ಕೋಣೆಯ ಒಳಗೆ ಹೋದವನಲ್ಲ. ಕೇಳಿ ಗೊತ್ತು. ಎಲುಬು ಕೊರೆಯುವ ಯಂತ್ರವಿದೆಯಂತೆ, ಎಂಟು ಹತ್ತು ತಾಸು ದೊಡ್ಡ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನಿಲ್ಲುತ್ತಾರಂತೆ, ಗಡ್ಡೆಯನ್ನು ಸಾಸಿವೆ ಸಾಸಿವೆಯಷ್ಟೇ ಬಿಡಿಸುತ್ತಾರಂತೆ. ಅಷ್ಟು ಹೊತ್ತಿಗೆ ರೋಗಿಗೆ ಎಚ್ಚರವಿರುವುದಿಲ್ಲ. ಮೈಮುಖವೆಲ್ಲ ಹಸಿರು ಬಟ್ಟೆಯಲ್ಲಿ ಮುಚ್ಚಿರುತ್ತದೆ. ಹೊರಗೆ ಕಾಣುವುದು ನಾನು ಬೋಳಿಸಿದ ಅಂಗೈಯಗಲ ಜಾಗ ಮಾತ್ರ.

ಆ ಕಾಲಕ್ಕೆ ಅಲ್ಲಿ ಬೇರೆ ಗುರುತು ಹಾಕುವ ರೂಢಿಯಿರಲಿಲ್ಲ. ನಾನು ಎಲ್ಲಿ ಬೋಳಿಸುತ್ತೇನೋ ಅಲ್ಲೇ ತೆರೆಯುತ್ತಿದ್ದರು. ಶಾಲೆ ಕಾಣದ ನಾನು ಬರೆದದ್ದನ್ನು ಅಷ್ಟು ಓದಿದವರು ಓದುತ್ತಿದ್ದರು. ನನಗೆ ಹೆದರಿಕೆಯಾಗದೆ ಇನ್ನೇನಾದೀತು?

ದಾನವ್ವ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಬನಹಟ್ಟಿ ಕಡೆಯ ಪವರ್‌ಲೂಮ್ ಕೆಲಸದಾಕೆ, ಮೂವತ್ತೈದರ ಆಸುಪಾಸು. ಶುಕ್ರವಾರ ಬೆಳಿಗ್ಗೆ ಆಪರೇಷನ್ನು. ನಾಲ್ಕು ವರ್ಷದಿಂದ ಅವಳಿಗೆ ಒಂದು ಕಿವಿ ಮಂದವಾಗುತ್ತ ಬಂದಿತ್ತು, ಅದರಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು. ಮಗ್ಗದ ಮಾಲೀಕನಿಗೆ ಹೇಳಿದರೆ, ಮಗ್ಗ ನಡೆಸುವವರ ಕಿವಿಯೆಲ್ಲ ಹಾಗೇ ಎಂದು ನಕ್ಕನಂತೆ. ನಡೆಯುವಾಗ ಜೋಲಿ ಹೊಡೆದಾಗ ಕುಡಿದಿದ್ದೀಯಾ ಎಂದನಂತೆ. ಅವನು ನಗುತ್ತಿದ್ದಷ್ಟು ಕಾಲವೂ ಗಡ್ಡೆ ಬೆಳೆಯುತ್ತಿತ್ತು, ಕಿವಿಯ ನರದ ಮೇಲೆ, ಬುರುಡೆಯ ತಳದಲ್ಲಿ, ನಿಂಬೆಕಾಯಿಯಷ್ಟಾಗುವವರೆಗೆ.

ಅವಳು ಸ್ಟೂಲಿನ ಮೇಲೆ ಕೂತು ಎರಡೂ ಕೈಯಲ್ಲಿ ಜಡೆ ಹಿಡಿದುಕೊಂಡಿದ್ದಳು. ಗಂಡ ಬದುಕಿರುವಾಗ ತಲೆ ಬೋಳಿಸಿದರೆ ಮನೆಗೆ ಕೇಡೆಂದು ಅತ್ತೆ ಹೇಳಿ ಕಳಿಸಿದ್ದಳಂತೆ. ಎಲ್ಲಿ ಬೋಳಿಸಬೇಕೆಂದು ಡಾಕ್ಟರು ಬರೆದು ಕಳಿಸಿದ್ದ ಚೀಟಿಯನ್ನು ಅಡಿವೆಪ್ಪ ನೋಡಿದ. ಕಿವಿಯ ಹಿಂದೆ ಮಾತ್ರ, ಬಲಗಡೆ ಎಂದಿತ್ತು. ಜಡೆ ಉಳಿಯುತ್ತದೆ ಎಂದು ಅವಳಿಗೆ ಸಮಾಧಾನ ಹೇಳಿದ. ನೀರು ಹಚ್ಚಿದ. ನನ್ನನ್ನು ಬಿಡಿಸಿ ಚರ್ಮದ ಪಟ್ಟಿಯ ಮೇಲೆ ನಾಲ್ಕು ಸಲ ಎಳೆದ. ಅವಳ ಬೆನ್ನ ಹಿಂದೆ ಎಡಕ್ಕೆ ನಿಂತು, ಎಲ್ಲರಿಗೂ ಹೇಳುವಂತೆ, ಕಿವಿಯ ಬಳಿ ಬಗ್ಗಿ ಮೆಲ್ಲಗೆ ಹೇಳಿದ:

"ಯವ್ವಾ, ತಲಿ ಒಂಚೂರು ಬಗ್ಗಸ್ರಿ."

ಅವಳು ಬಗ್ಗಿಸಲಿಲ್ಲ. ಮತ್ತೊಮ್ಮೆ ಹೇಳಿದ. ಕಲ್ಲಿನ ಹಾಗೆ ಕೂತಿದ್ದಳು. ಹೆದರಿ ಮರಗಟ್ಟಿದ್ದಾಳೆ ಎಂದುಕೊಂಡು ಅವನು ಬಲಕ್ಕೆ ಸರಿದು ಅದೇ ಮಾತು ಹೇಳಿದ. ಅವಳು ತಟ್ಟನೆ ತಲೆ ಬಗ್ಗಿಸಿದಳು.

ನಾನು ಅವಳ ಬಲಗಿವಿಯ ಹಿಂದೆ, ಒದ್ದೆ ಕೂದಲಿಗೆ ಎರಡು ನೂಲಿನಷ್ಟು ದೂರದಲ್ಲಿದ್ದೆ. ಅಡಿವೆಪ್ಪನ ಕೈ ಅಲ್ಲೇ ನಿಂತಿತು.

"ಯವ್ವಾ, ನಿಮಗ ಯಾವ ಕಿವಿ ಕೇಳಂಗಿಲ್ಲ?"

ಅವಳು ಎಡಗಿವಿ ಮುಟ್ಟಿ ತೋರಿಸಿದಳು.

"ಮತ್ತ ಬಲಗಡೆ ಬೋಳಸಾಕ ಬರದಾರ. ನಿಮಗ ಯಾರೂ ಹೇಳಲಿಲ್ಲೇನ?"

"ಹೇಳ್ಯಾರ್ರೀ. ಈ ಕಡಿಂದ ಹೊಕ್ಕು ಆ ಕಡಿ ತಗೀತಾರೇನೋ ಅನ್ಕೊಂಡೆ. ನಮ್ಮ ಮಗ್ಗದಾಗ ಲಾಳಿ ಹೋಗಂಗಿಲ್ಲೇನು, ಈ ಕಡಿ ಹೊಕ್ಕು ಆ ಕಡಿ? ಹಂಗ ಇರಬೇಕು ಅಂತ. ದೊಡ್ಡವರಿಗೆ ನಾವೇನ ಕೇಳೂದ್ರಿ."

ಅಯ್ಯೋ ತಾಯಿ. ಒಂದು ತಲೆಯೊಳಗೆ ಲಾಳಿ ಓಡಿಸುವುದನ್ನು ಒಪ್ಪಿಕೊಂಡು ಕೂತಿದ್ದಳು, ಕೇಳುವುದಕ್ಕೆ ಮಾತ್ರ ಒಪ್ಪಿರಲಿಲ್ಲ. ಆ ಬಲಗಿವಿಯೇ ಅವಳ ಅನ್ನ. ಎಳೆ ಹರಿದರೆ ಮಗ್ಗದ ದನಿ ಬದಲಾಗುತ್ತದಂತೆ. ನಾಲ್ಕು ಮಗ್ಗಗಳನ್ನು ಅವಳು ಆ ಒಂದು ಕಿವಿಯಿಂದಲೇ ಕಾಯುತ್ತಿದ್ದಳು. ನಾಳೆ ಅದರ ಹಿಂದೆ ಎಲುಬು ಕೊರೆದು, ಇಲ್ಲದ ಗಡ್ಡೆಯನ್ನು ಹುಡುಕುತ್ತ ಗಟ್ಟಿಮುಟ್ಟಾದ ನರದ ಮೇಲೆ ಕೈ ಇಟ್ಟರೆ ಆ ಕಿವಿಯೂ ಹೋಯಿತು. ಕಿವಿಯಷ್ಟೇ ಹೋದರೆ ಪುಣ್ಯ.

ಅಡಿವೆಪ್ಪ ವಾರ್ಡಿನ ಸಿಸ್ಟರ್ ರೆಬೆಕ್ಕಾ ಅವರ ಬಳಿ ಹೋದ. ಆಕೆ ಕೆಟ್ಟವರಲ್ಲ. ಚೀಟಿಯಲ್ಲಿದ್ದದ್ದನ್ನು ಮಾಡಪ್ಪಾ, ಇಲ್ಲದಿದ್ದರೆ ಇಬ್ಬರ ಮೇಲೂ ಬರುತ್ತೆ ಎಂದರು. ಆದರೂ ಚೀಟಿ ಬರೆದ ಸಣ್ಣ ಡಾಕ್ಟರನ್ನು ಕರೆಸಿದರು. ಅವನು ಎರಡು ದಿನದಿಂದ ಮನೆಗೆ ಹೋಗಿರಲಿಲ್ಲವೇನೋ, ಕಣ್ಣು ಕೆಂಪಗಿದ್ದವು. ಸ್ಕ್ಯಾನ್ ಫಿಲ್ಮನ್ನು ಕಿಟಕಿಗೆ ಹಿಡಿದು, ನೋಡು, ಬಲಗಡೆ ಬೆಳ್ಳಗೆ ಕಾಣ್ತಿಲ್ವಾ ಎಂದ. ಗಡ್ಡೆ ಬಲಕ್ಕೇ ಕಾಣುತ್ತಿತ್ತು, ನಿಜ.

ಅಡಿವೆಪ್ಪ ಫಿಲ್ಮು ಓದಲು ಕಲಿತವನಲ್ಲ. ಅಪ್ಪನ ಮಾತು ಮಾತ್ರ ಅವನ ಬಾಯಿಗೆ ಬಂತು. "ಸಾಹೇಬ್ರ, ಎದುರು ಕುಂತಾವರ ಎಡ ನಮಗ ಬಲ ಆಕ್ಕೇತಿ. ಈ ಫೋಟೋನೂ ಎದುರಿಂದ ತಗದದ್ದೇನೋ ಅಂತ…"

"ನಿನ್ನ ಕೆಲಸ ಬೋಳಿಸೋದು," ಎಂದ ಸಣ್ಣ ಡಾಕ್ಟರ್. "ಹಜಾಮನ ಹತ್ರ ನಾನು ಡಾಕ್ಟರಿಕೆ ಕಲೀಬೇಕಾ? ಇನ್ನು ಹತ್ತು ನಿಮಿಷದಲ್ಲಿ ಆಗದಿದ್ದರೆ ಮೆಮೊ ಕೊಡಿಸ್ತೀನಿ."

ಹಜಾಮ. ಗೌಡರ ಅಂಗಳದಿಂದ ಅಷ್ಟು ದೂರ ಓಡಿ ಬಂದರೂ ಆ ಮಾತು ನಮಗಿಂತ ಮೊದಲೇ ಬಂದು ಇಲ್ಲಿ ಕೂತಿತ್ತು.

ಅಡಿವೆಪ್ಪ ಕ್ಷೌರದ ಕೋಣೆಗೆ ಮರಳಿದ. ನನ್ನನ್ನು ಬಿಡಿಸಿದ. ನಾನು ಮನಸ್ಸಿನಲ್ಲೇ ಕೂಗಿದೆ, ಬೇಡ, ಬೇಡ. ಕತ್ತಿಯ ಕೂಗು ಯಾರಿಗೆ ಕೇಳುತ್ತದೆ. ದಾನವ್ವ ತಲೆ ಬಗ್ಗಿಸಿಯೇ ಕೂತಿದ್ದಳು. ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ನಲವತ್ತು ವರ್ಷ ಅಪ್ಪ ಮಗ ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಕಾದ ಬಾಯಿ ನನ್ನದು. ಆಮೇಲೆ ಕೈ ಎತ್ತಿ ಮೂಲೆಯಲ್ಲಿದ್ದ ಕಬ್ಬಿಣದ ಮಂಚದ ಅಂಚಿಗೆ ನನ್ನ ಬಾಯಿಯನ್ನು ಬಲವಾಗಿ ಹೊಡೆದ.

ಠಣ್ ಎಂದಿತು. ನಡುವೆ ಜೋಳದ ಕಾಳಿನಷ್ಟು ಚಕ್ಕೆ ಹಾರಿತು.

ಅವನು ಹೊರಗೆ ಬಂದು, ತಗ್ಗಿದ ದನಿಯಲ್ಲಿ, "ಸಿಸ್ಟರ್, ಕತ್ತಿ ಮುಕ್ಕಾತ್ರಿ. ಬೋಳಸಾಕ ಬರಂಗಿಲ್ಲ. ಬ್ಯಾರೇದು ತರಾಕ ಸಂಜೀ ಆಕ್ಕೇತಿ," ಎಂದ. ಸಿಸ್ಟರ್ ರೆಬೆಕ್ಕಾ ನನ್ನನ್ನು ನೋಡಿದರು, ಅವನನ್ನು ನೋಡಿದರು. ಪುಸ್ತಕದಲ್ಲಿ 'ಕ್ಷೌರ ಆಗಿಲ್ಲ' ಎಂದು ಬರೆದರು. ಆಕೆಗೆ ಅರ್ಥವಾಗಿತ್ತೆಂದು ನನ್ನ ಗುಮಾನಿ.

ಐದು ಗಂಟೆಗೆ ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಕಮಲಾಕ್ಷಿ ಮೇಡಂ ವಾರ್ಡಿನ ರೌಂಡಿಗೆ ಬರುವವರಿದ್ದರು. ಅದಕ್ಕೆ ಮೊದಲು ಅಡಿವೆಪ್ಪ ವಾರ್ಡಿನ ತನ್ನ ಮಂಚಕ್ಕೆ ಮರಳಿದ್ದ ದಾನವ್ವನ ಬಲಕ್ಕೆ ಕೂತು ಹೇಳಿದ: "ನಾ ಹೇಳಿದರ ಹಜಾಮನ ಮಾತು. ನಿಮ್ಮ ತಲಿ ಯವ್ವಾ, ನೀವ ಹೇಳಬೇಕು." ಅವಳು ಆಗುವುದಿಲ್ಲ ಎಂದು ತಲೆಯಾಡಿಸಿದಳು. ನನಗೂ ಹೆದರಿಕೆ ಐತಿ ಎಂದ ಅವನು. ಇಬ್ಬರೂ ಬಾಗಿಲು ನೋಡುತ್ತ ಕೂತರು.

ಮೇಡಂ ಬಂದವರೇ, ಇನ್ನೂ ಯಾಕೆ ಕ್ಷೌರ ಆಗಿಲ್ಲ ಎಂದು ಸಿಡುಕಿದರು. ಸಣ್ಣ ಡಾಕ್ಟರ್ ಬಾಯಿ ತೆರೆಯುವುದರೊಳಗೆ ದಾನವ್ವ ಎದ್ದು ನಿಂತಳು. ಜೋಲಿ ಹೊಡೆದು ಮಂಚ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಎಡಗಿವಿಯನ್ನು ಜಗ್ಗಿ ಹಿಡಿದು ಹೇಳಿದಳು:

"ಡಾಕ್ಟರ್ ಬಾಯಾರ, ಕೇಳಲಾರದ್ದು ಈ ಕಿವಿರಿ. ಚೀಟ್ಯಾಗ ಆ ಕಿವಿ ಐತಂತ. ನನಗ ಅಂಜಿಕಿ ಆಗೇತ್ರಿ."

ಮೇಡಂ ಫಿಲ್ಮು ತೆಗೆದುಕೊಂಡು ಬೆಳಕಿಗೆ ಹಿಡಿದರು. ನೋಡುತ್ತಲೇ ಇದ್ದರು. ಆಮೇಲೆ ಸಣ್ಣ ಡಾಕ್ಟರನ್ನು ನೋಡದೆಯೇ ಹೇಳಿದರು, ಚಿತ್ರದ ಬಲ ರೋಗಿಯ ಎಡ ಕಣಪ್ಪಾ, ಅವರು ನಿನ್ನ ಎದುರಿಗಿದ್ದಾರೆ. ಚೀಟಿಯನ್ನು ಹರಿದು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡರು. ಹೊಸ ಚೀಟಿ ಬರೆದರು. ದಾನವ್ವನ ಬೆನ್ನು ತಟ್ಟಿದರು. ಅಡಿವೆಪ್ಪನಿಗೆ, ಹೋಗು, ಬೇರೆ ಕತ್ತಿ ತಾ ಎಂದರು.

ಮರುದಿನ ಒಂಬತ್ತು ತಾಸು ಆಪರೇಷನ್ನು ನಡೆಯಿತು. ಅಡಿವೆಪ್ಪ ಊಟ ಮುಟ್ಟಲಿಲ್ಲ. ಗಡ್ಡೆ ಎಡಕ್ಕೇ ಇತ್ತು.

ಮೂರು ತಿಂಗಳ ಮೇಲೆ ದಾನವ್ವ ತೋರಿಸಿಕೊಳ್ಳಲು ಬಂದಿದ್ದಳು. ಎಡಗಿವಿ ಹೋದದ್ದು ಹೋಗಿತ್ತು. ಮುಖದ ಎಡಗಡೆ ಸ್ವಲ್ಪ ಜೋತು, ನಕ್ಕರೆ ಅರ್ಧ ಮುಖವೇ ನಗುತ್ತಿತ್ತು. ಬಲಗಿವಿ ಗಟ್ಟಿಯಾಗಿತ್ತು, ಎರಡು ಮಗ್ಗಕ್ಕೆ ಮರಳಿದ್ದಳು. ಆ ಕತ್ತಿ ತೋರಿಸ್ರಿ ಎಂದು ಕೇಳಿ, ನನ್ನ ಮುಕ್ಕಿನ ಮೇಲೆ ಬೆರಳಾಡಿಸಿದಳು.

"ಎಳಿ ಹರದರ ನಾವು ಗಂಟ ಹಾಕತೀವ್ರಿ," ಎಂದಳು. "ಇದಕ್ಕ ಹಾಕಾಕ ಬರಂಗಿಲ್ಲಲ್ಲ."

ಬರುವುದಿಲ್ಲ. ಸಾಣೆಗೆ ಕೊಟ್ಟರೂ ಅಷ್ಟು ಆಳದ ಮುಕ್ಕು ಹೋಗಲಿಲ್ಲ. ಆಸ್ಪತ್ರೆಗೆ ಕೂದಲು ತೆಗೆಯುವ ಕರೆಂಟಿನ ಯಂತ್ರ ಬಂತು. ಮೇಡಂ ಈಗ ಹಿಂದಿನ ದಿನವೇ ರೋಗಿಯನ್ನು ಕೇಳಿ, ತಾವೇ ಶಾಯಿಯಲ್ಲಿ ಬಾಣ ಬರೆಯುತ್ತಾರೆ. ನಾನು ಕ್ಷೌರದ ಕೋಣೆಯ ಡ್ರಾಯರಿನಲ್ಲಿ, ಹಳೆಯ ಬ್ರಷ್ಷು, ಒಡೆದ ಬಟ್ಟಲುಗಳ ಜೊತೆ ಮಲಗಿದ್ದೇನೆ. ನನ್ನ ಪಕ್ಕದಲ್ಲೇ ಮಡಚಿದ ಕಾಗದವೊಂದಿದೆ. ಅಡಿವೆಪ್ಪನಿಗೆ ಬಂದ ಮೆಮೊ ಅದು: ಮೇಲಿನವರ ಆದೇಶ ಪಾಲಿಸಲು ವಿಳಂಬ, ಎಚ್ಚರಿಕೆ ನೀಡಲಾಗಿದೆ. ಅದಕ್ಕೆ ನಂಬರಿದೆ, ಸಹಿಯಿದೆ, ಮೊಹರಿದೆ. ಆ ತಪ್ಪು ಚೀಟಿಗೆ ಏನೂ ಇಲ್ಲ. ಆಸ್ಪತ್ರೆಯ ಯಾವ ಕಾಗದ ಹುಡುಕಿದರೂ ಅಂಥದ್ದೊಂದು ನಡೆದ ಗುರುತು ಸಿಗುವುದಿಲ್ಲ. ಅದು ಉಳಿದಿರುವುದು ನನ್ನ ಬಾಯಲ್ಲಿ ಮಾತ್ರ, ಜೋಳದ ಕಾಳಿನಷ್ಟು.

ದಿನವೂ ಯಾರೋ ಒಬ್ಬರು ಬಂದು ಆ ಸ್ಟೂಲಿನ ಮೇಲೆ ಕೂರುತ್ತಾರೆ. ಬಾಣ ಬರೆದಿರುತ್ತದೆ, ಚೀಟಿ ಸರಿಯಿರುತ್ತದೆ. ಆದರೂ ಅಡಿವೆಪ್ಪ ಮೊದಲು ಅವರ ಎಡಕ್ಕೆ ಬಗ್ಗುತ್ತಾನೆ, ಆಮೇಲೆ ಬಲಕ್ಕೆ. ಕೇಳಸತೈತೇನ್ರಿ ಎನ್ನುತ್ತಾನೆ. ಉತ್ತರ ಬರುವವರೆಗೆ ಯಂತ್ರ ಮುಟ್ಟುವುದಿಲ್ಲ. ಇಷ್ಟು ವರ್ಷವಾದರೂ ಆಗ ಅವನ ದನಿ ನಡುಗುತ್ತದೆ. ಡ್ರಾಯರಿನ ಕತ್ತಲಲ್ಲಿ ನಾನೂ ಉಸಿರು ಬಿಗಿಹಿಡಿದು ಕಾಯುತ್ತೇನೆ.