ಟೇಪು ಸಾಲದು

ಹದಿನೇಳು ವರ್ಷದಿಂದ ಇದೇ ಡ್ರೆಸಿಂಗ್ ರೂಮಿನಲ್ಲಿ ಜನರ ಕಾಲಿನ ಹುಣ್ಣು ತೊಳೆಯುತ್ತಿದ್ದೇನೆ. ಕೀವು, ರಕ್ತ, ಸತ್ತ ಚರ್ಮ ಎಲ್ಲವನ್ನೂ ಮುಟ್ಟಿದ ಕೈಯನ್ನೇ ಸಾಬೂನು ಹಚ್ಚಿ ತೊಳೆದುಕೊಂಡು ಮಧ್ಯಾಹ್ನದ ಊಟ ಮಾಡಿದ್ದೇನೆ. ಒಂದು ದಿನವೂ ಹೇಸಿಗೆ ಅನ್ನಿಸಿದ್ದಿಲ್ಲ. ನನಗೆ ವಾಕರಿಕೆ ಬಂದದ್ದು ಒಂದೇ ಸಲ, ಅದೂ ಹೊಳೆಯುವ ಕಾಗದದಲ್ಲಿ ಅಚ್ಚಾದ ಹನ್ನೆರಡು ಪುಟದ ಒಂದು ವರದಿ ನೋಡಿ.

ಮೊದಲಿಂದ ಹೇಳುತ್ತೇನೆ. ಇಲ್ಲದಿದ್ದರೆ ಈ ನರ್ಸಮ್ಮನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ನಾವು ಕಟ್ಟುತ್ತಿದ್ದದ್ದು ಇದ್ದಿಲಿನ ಪಟ್ಟಿ. ಹುಣ್ಣು ನಿಧಾನವಾಗಿ ಮಾಯುತ್ತದೆ, ಆದರೆ ವಾಸನೆಯನ್ನು ಇದ್ದಿಲು ತಕ್ಕಮಟ್ಟಿಗೆ ಹೀರಿಕೊಳ್ಳುತ್ತದೆ. ಆಮೇಲೆ ಹೊಸದಾಗಿ ಒಂದು ಜೆಲ್ ಪಟ್ಟಿ ಬಂತು. ಎರಡರಲ್ಲಿ ಯಾವುದು ಮೇಲು ಎಂದು ನೋಡಲು ಆಸ್ಪತ್ರೆಯಲ್ಲಿ ಸಂಶೋಧನೆ ಶುರುವಾಯಿತು. ನಲವತ್ತೆಂಟು ರೋಗಿಗಳು, ಮೂರು ತಿಂಗಳು ಇದ್ದಿಲು, ಮೂರು ತಿಂಗಳು ಜೆಲ್. ನಡೆಸಿದವರು ನಮ್ಮ ದೊಡ್ಡ ಡಾಕ್ಟರು. ಅವರ ಹಿಂದೆ ಲ್ಯಾಪ್‌ಟಾಪ್ ಹಿಡಿದು ಓಡಾಡುತ್ತಿದ್ದ ಮೇಡಮ್ಮಿಗೆ ನಾವಿಟ್ಟ ಹೆಸರು ಸ್ಲೈಡಮ್ಮ. ಕ್ಯಾಂಟೀನು ಎಲ್ಲಿದೆ ಅಂತ ಕೇಳಿದರೂ ಒಂದು ಸ್ಲೈಡು ತೋರಿಸುವ ಪೈಕಿ.

"ಇದು ಹೊಸ ಥರದ ಸಂಶೋಧನೆ," ಎಂದಳು ಮೊದಲ ಮೀಟಿಂಗಿನಲ್ಲಿ. "ಏನನ್ನ ಅಳೀಬೇಕು ಅಂತ ಡಾಕ್ಟರ್ ಹೇಳಲ್ಲ, ರೋಗಿಗಳೇ ಹೇಳ್ತಾರೆ."

ಹೇಳಿದರು. ಒಬ್ಬರಾದರೂ ಹುಣ್ಣಿನ ಅಗಲದ ಮಾತೆತ್ತಬೇಕಲ್ಲ! ಎಲ್ಲರ ಬಾಯಲ್ಲೂ ವಾಸನೆಯ ಮಾತೇ. "ನಾತ ಹೋದ್ರೆ ಸಾಕಪ್ಪ, ಹುಣ್ಣು ಇದ್ರೆ ಇರ್ಲಿ," ಎಂದು ಒಬ್ಬರು ಅಜ್ಜಿ ಅತ್ತೇಬಿಟ್ಟರು.

"ವಾಸನೇನ ಅಳೆಯೋದು ಹೇಗಜ್ಜಿ?" ದೊಡ್ಡ ಡಾಕ್ಟರು ನಕ್ಕರು.

ಆಗ ಟೈಲರಣ್ಣ ಕೊರಳಿಂದ ಟೇಪು ತೆಗೆದರು. ಎಡಗಾಲಿನ ಹುಣ್ಣಿಗೆ ಎರಡು ವರ್ಷದಿಂದ ನನ್ನ ಹತ್ತಿರ ಬರುತ್ತಿದ್ದವರು. "ಇದರಲ್ಲಿ ಅಳೀರಿ ಸರ್. ಜನ ನನ್ನಿಂದ ಎಷ್ಟು ದೂರ ನಿಲ್ತಾರೋ, ಅಷ್ಟು ವಾಸನೆ. ನನ್ನ ಕಸುಬಲ್ಲಿ ಗಿರಾಕಿ ಕೈಗೆ ಸಿಗೋ ಹಾಗೆ ನಿಲ್ಲಬೇಕು. ಇಲ್ಲಾಂದ್ರೆ ಎದೆ ಅಳತೆ ತಗೊಳ್ಳೋದು ಹೇಗೆ?"

ಎಷ್ಟು ಓದಿದರೆ ಇಂಥ ಮಾತು ಹೊಳೆಯುತ್ತದೆ ಹೇಳಿ? ಸ್ಲೈಡಮ್ಮ ಚಪ್ಪಾಳೆ ತಟ್ಟಿ ಟೇಪಿನ ಫೋಟೋ ತೆಗೆದಳು. ಎಲ್ಲರಿಗೂ ಒಂದೊಂದು ಟೈಲರ್ ಟೇಪು ಹಂಚಿದ್ದಾಯಿತು. ಊಟದ ಹೊತ್ತಿಗೆ ಮನೆಯವರು ಎಷ್ಟು ಇಂಚು ಆಚೆ ಕೂತರು ಎಂದು ರೋಗಿಗಳೇ ಅಳೆದು ಬಂದು ಹೇಳಬೇಕು, ನಾನು ಬರೆದುಕೊಳ್ಳಬೇಕು. ಆ ಪುಸ್ತಕಕ್ಕೆ ದೂರದ ಪುಸ್ತಕ ಎಂದೇ ಹೆಸರಾಯಿತು.

ಇದ್ದಿಲಿನ ಮೂರು ತಿಂಗಳು ಟೈಲರಣ್ಣನ ಅಳತೆ ಹದಿನೆಂಟು, ಇಪ್ಪತ್ತು. ಅಷ್ಟು ಹತ್ತಿರ ಕೂರುತ್ತಿದ್ದವಳು ಅವರ ಆರು ವರ್ಷದ ಮೊಮ್ಮಗಳು. "ನನ್ನ ತಟ್ಟೆಗೇ ಕೈ ಹಾಕ್ತಾಳೆ ಕಳ್ಳಿ! ಈ ವಾರ ಸೊನ್ನೆ ಅಂತ ಬರ್ಕೊಳ್ಳಿ ಸಿಸ್ಟರ್," ಎಂದು ಒಂದು ದಿನ ಬೀಗಿದ್ದರು.

ಜೆಲ್ ಶುರುವಾಯಿತು. ಮೂವತ್ತು. ನಲವತ್ತೈದು. ಹುಣ್ಣು ಸ್ವಲ್ಪ ಬೇಗ ಮಾಯುತ್ತಿತ್ತು, ಸುಳ್ಳು ಹೇಳಲಾರೆ. ಆದರೆ ಪಟ್ಟಿಯನ್ನು ಮೂರು ದಿನ ಬಿಚ್ಚುವಂತಿಲ್ಲ, ಅದರ ಕೆಳಗೆ ನೀರು ಕೂತು ಎಂಥ ನಾತ ಅಂತೀರಿ! ಒಂಬತ್ತನೇ ವಾರ ಟೈಲರಣ್ಣ ತಲೆ ಎತ್ತದೆ ಹೇಳಿದರು, "ಬರ್ಕೊಳ್ಳಿ ಸಿಸ್ಟರ್. ಟೇಪು ಸಾಲದು."

ಟೇಪು ಇರುವುದೇ ಅರವತ್ತು ಇಂಚು. ಮೊಮ್ಮಗಳು ತಟ್ಟೆ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ಕೂತಿದ್ದಳಂತೆ. ಅಂಗಡಿಯ ಗಿರಾಕಿಗಳು ಅಳತೆಗೆ ಹಳೇ ಅಂಗಿ ಎಸೆದು ಹೊರಗಿಂದಲೇ ಹೋಗುತ್ತಿದ್ದರು, ಆಮೇಲೆ ಅವರೂ ನಿಂತರು. ಪುಸ್ತಕದಲ್ಲಿ ಮೂವತ್ತೊಂದು ಜನರ ಮುಂದೆ ಅವೇ ಎರಡು ಪದ ಬರೆದೆ.

ಕೊನೆಗೆ ವರದಿ ಬಂತು. ಮುಖಪುಟದಲ್ಲಿ ಟೈಲರಣ್ಣನ ನಗುಮುಖ, ಕೊರಳಲ್ಲಿ ಟೇಪು. ಕೆಳಗೆ ದಪ್ಪಕ್ಷರದಲ್ಲಿ 'ರೋಗಿಗಳೇ ರೂಪಿಸಿದ ಸಂಶೋಧನೆ'. ಪುಟ ತಿರುವಿದೆ. ಜೆಲ್ ಪಟ್ಟಿಯಿಂದ ಹುಣ್ಣಿನ ಅಗಲ ಬೇಗ ಕಡಿಮೆಯಾಗುತ್ತದೆ. ಮುಂದಿನ ತಿಂಗಳಿಂದ ಇದ್ದಿಲಿನ ಪಟ್ಟಿ ಬಂದ್. ದೂರದ ಪುಸ್ತಕವನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಹಾಕಿದ್ದರು. ನಾತ ತಾಳದೆ ಜೆಲ್ ಪಟ್ಟಿಯನ್ನು ಅರ್ಧಕ್ಕೇ ಬಿಟ್ಟ ಐದು ಜನ ಹೆಂಗಸರು 'ವೈಯಕ್ತಿಕ ಕಾರಣ' ಆಗಿಹೋಗಿದ್ದರು. ಥೂ! ಮೇಲೆ ಥಳುಕು, ಒಳಗೆ ಹುಳುಕು.

ನೆಟ್ಟಗೆ ದೊಡ್ಡ ಡಾಕ್ಟರ ರೂಮಿಗೆ ಹೋದೆ. "ಸರ್, ದೂರದ ಅಳತೆ ಎಲ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ನಾವೇನೂ ಮುಚ್ಚಿಟ್ಟಿಲ್ಲ," ಎಂದಳು ಪಕ್ಕದಲ್ಲಿದ್ದ ಸ್ಲೈಡಮ್ಮ. ಮುಚ್ಚಿಟ್ಟಿದ್ದೀರಿ ಎಂದು ನಾನು ಅಂದೇ ಇರಲಿಲ್ಲ.

"ನೋಡಿ ಸಿಸ್ಟರ್," ಎಂದರು ದೊಡ್ಡ ಡಾಕ್ಟರು, "ಅವರವರೇ ಮನೇಲಿ ಅಳ್ಕೊಂಡಿದ್ದು. ಯಾರು ನೋಡಿದ್ರು? ಸಾಕ್ಷಿ ಇಲ್ಲ, ಸಹಿ ಇಲ್ಲ. ಅಂಥದ್ದನ್ನ ವರದೀಲಿ ಹಾಕೋಕಾಗಲ್ಲ."

"ಅವರ ಮುಖ ಹಾಕೋಕೆ ಆಗುತ್ತಾ?"

"ಕೋಪ ಯಾಕೆ? ನಿಮ್ಮ ಹೆಸರೂ ಹಾಕಿದೀವಿ, ಕೊನೇ ಪುಟ ನೋಡಿ."

ನೋಡಿದೆ. ಬರೆದವರ ಸಾಲಿನಲ್ಲಿ ಕಟ್ಟಕಡೆಗೆ ನನ್ನ ಹೆಸರು. ಆಗ ಬಂತು ನೋಡಿ ವಾಕರಿಕೆ. ಡ್ರೆಸಿಂಗ್ ರೂಮಿಗೆ ವಾಪಸು ಬಂದು ಕೈ ತೊಳೆದುಕೊಂಡೆ. ಹುಣ್ಣು ಮುಟ್ಟಿದ ಮೇಲೂ ಅಷ್ಟು ಹೊತ್ತು ತೊಳೆದವಳಲ್ಲ ನಾನು.

ವರದಿ ಬಿಡುಗಡೆಯ ಸಮಾರಂಭಕ್ಕೆ ಟೈಲರಣ್ಣನಿಗೂ ಕರೆ ಬಂತು. ಸಂಶೋಧನೆ ಮುಗಿದ ಮೇಲೆ ಅವರು ಮತ್ತೆ ಇದ್ದಿಲಿಗೇ ಮರಳಿದ್ದರು. ಮುಖಪುಟದ ಮನುಷ್ಯ ಹಳೇ ಪಟ್ಟಿ ಕಟ್ಟಿಕೊಂಡು ಬಂದರೆ ಚೆನ್ನಾಗಿರಲ್ಲ ಎಂದು ಸ್ಲೈಡಮ್ಮ ಮೂರು ದಿನ ಮೊದಲೇ ಜೆಲ್ ಕಟ್ಟಿಸಿದ್ದಳು. ಕಟ್ಟುವಾಗ ಟೈಲರಣ್ಣ ಅಂದಿದ್ದರು, "ಇದ್ದಿಲು ನಿಂತ್ರೆ ನನ್ನ ಅಂಗಡೀನೂ ಮುಚ್ಚೋದೇ ಸಿಸ್ಟರ್. ಅಂಗಡಿ ಹಾಳಾಗ್ಲಿ, ಆ ಮಗು..."

ಕಿಟಕಿ ಮುಚ್ಚಿ ಎ.ಸಿ. ಹಾಕಿದ ಹಾಲ್, ನೂರು ಜನ. ಮುಂದಿನ ಸಾಲಿನಲ್ಲಿ ಟೈಲರಣ್ಣ, ಪಕ್ಕದಲ್ಲಿ ನಾನು. ಹತ್ತು ನಿಮಿಷದಲ್ಲಿ ನಮ್ಮ ಅಕ್ಕಪಕ್ಕ ಖಾಲಿ. ಒಬ್ಬರಿಗೆ ಫೋನು ಬಂತು, ಒಬ್ಬರಿಗೆ ಕೆಮ್ಮು ಬಂತು. ಸ್ಲೈಡಮ್ಮ ಹಲ್ಲು ಕಿರಿಯುತ್ತಾ ಬಂದು ನಮ್ಮ ಸುತ್ತ ಸುಗಂಧದ ಸ್ಪ್ರೇ ಹೊಡೆದು ಹೋದಳು. ಟೈಲರಣ್ಣ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

"ಇವರು ನಮ್ಮ ರೋಗಿ ಅಲ್ಲ, ನಮ್ಮ ಜೊತೆಗಾರರು!" ದೊಡ್ಡ ಡಾಕ್ಟರು ಭಾಷಣ ಮುಗಿಸಿ, ಫೋಟೋಗೆಂದು ವೇದಿಕೆ ಇಳಿದು ಬಂದರು. ಬಂದವರು ನಮ್ಮಿಂದ ನಾಲ್ಕು ಹೆಜ್ಜೆ ಆಚೆಗೇ ನಿಂತರು.

"ಸರ್, ಸ್ವಲ್ಪ ಹತ್ತಿರ ಬನ್ನಿ, ಇಬ್ಬರೂ ಒಟ್ಟಿಗೆ ಬರ್ತಾ ಇಲ್ಲ," ಎಂದ ಫೋಟೋದವನು.

"ಪರವಾಗಿಲ್ಲ, ಇಲ್ಲೇ ಸರಿ ಇದೆ."

ಟೈಲರಣ್ಣ ನಿಧಾನವಾಗಿ ಕೊರಳಿಂದ ಟೇಪು ತೆಗೆದರು. ಒಂದು ತುದಿಯನ್ನು ತಮ್ಮ ಮಂಡಿಗೆ ಒತ್ತಿಕೊಂಡು, "ಸಿಸ್ಟರ್, ಆ ತುದಿ ಹಿಡ್ಕೊಳ್ಳಿ," ಎಂದರು. ಹಿಡಿದುಕೊಂಡು ದೊಡ್ಡ ಡಾಕ್ಟರ ಕಡೆಗೆ ನಡೆದೆ. ಟೇಪು ಬಿಗಿಯಾಗಿ ನಿಂತಿತು. ಅವರು ಇನ್ನೂ ಎರಡು ಹೆಜ್ಜೆ ಆಚೆ ಇದ್ದರು.

"ಟೇಪು ಸಾಲದು," ಎಂದರು ಟೈಲರಣ್ಣ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಬೇಜಾರು ಮಾಡ್ಕೋಬೇಡಿ ಸರ್. ನನ್ನ ಮೊಮ್ಮಗಳೂ ಅಷ್ಟೇ ದೂರ ಕೂರೋದು."

ನಾನು ಬ್ಯಾಗಿನಿಂದ ದೂರದ ಪುಸ್ತಕ ತೆಗೆದು ತಾರೀಖು ಹಾಕಿ ಬರೆದೆ: ದೊಡ್ಡ ಡಾಕ್ಟರು, ಟೇಪು ಸಾಲದು. ಪುಸ್ತಕವನ್ನು ಟೈಲರಣ್ಣನ ತೊಡೆಯ ಮೇಲೆ ಬಿಚ್ಚಿಟ್ಟೆ.

"ಸಾಕ್ಷಿ ಕೇಳಿದ್ರಲ್ಲ ಸರ್, ನೂರು ಜನ ನೋಡಿದಾರೆ. ಸಹಿ ಒಂದು ಬಾಕಿ ಇದೆ," ಎಂದೆ.

"ಅದನ್ನ ನನ್ನ ರೂಮಿಗೆ ಕಳ್ಸಿ."

"ಅಲ್ಲಿಗೆ ಹೋಗಿದ್ದು ವಾಪಸ್ ಬರಲ್ಲ ಸರ್. ಇಲ್ಲೇ ಹಾಕಿ."

"ಹಾಕಪ್ಪ, ಹಾಕು!" ಹಿಂದಿನಿಂದ ಒಂದು ದನಿ. ತಿರುಗಿ ನೋಡಿದರೆ ಮೊದಲ ಮೀಟಿಂಗಿನಲ್ಲಿ ಅತ್ತಿದ್ದ ಅಜ್ಜಿ, ಎದ್ದು ನಿಂತಿದ್ದರು. ಅವರ ಸುತ್ತಲಿನ ಕುರ್ಚಿಗಳೂ ಖಾಲಿ. ನೂರು ಜನರ ಕಣ್ಣು ದೊಡ್ಡ ಡಾಕ್ಟರ ಮೇಲೆ ನೆಟ್ಟಿತ್ತು, ಕೆಲವರು ಫೋನು ಎತ್ತಿ ಹಿಡಿದಿದ್ದರು.

ಬೇರೆ ದಾರಿಯಿಲ್ಲದೆ ಬಂದರು. ಬಗ್ಗಿ ಪೆನ್ನು ತೆಗೆದುಕೊಂಡರು. ಮುಖ ಕೆಂಪೇರಿ ಕಣ್ಣಲ್ಲಿ ನೀರು ಬಂದಿತ್ತು. ಸಹಿ ಮುಗಿಯುವವರೆಗೂ ಅವರು ಉಸಿರಾಡಲಿಲ್ಲ. ಅದನ್ನೂ ಬರೆದುಕೊಂಡೆ.