ಒಬ್ಬರಿಗೆ ಎರಡು ಸೊಂಟ

ದರ್ಜಿ ಮಾವನಿಗೆ ಸೋಮವಾರ ಕಣ್ಣಿನ ಪೊರೆಯ ಆಪರೇಷನ್. ಒಂದು ತಿಂಗಳು ಕತ್ತರಿ ಮುಟ್ಟುವಂತಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಷ್ಟು ದಿನ ಅಂಗಡಿ ಅತ್ತೆಯ ಕೈಯಲ್ಲಿ. ಅತ್ತೆ ಕತ್ತರಿ ಹಿಡಿದರೆ ಮಾವನಿಗಿಂತ ಒಂದು ಕೈ ಮೇಲೇ. ಮಾವನ ಅಂಗಿ, ಪ್ಯಾಂಟು ಎಲ್ಲ ಅವಳದೇ ಹೊಲಿಗೆ. ತನ್ನ ಅಳತೆ ತಾನೇ ತೆಗೆಯಲು ಬಗ್ಗಿದರೆ ಹೊಟ್ಟೆಯೂ ಮಡಚಿಕೊಳ್ಳುತ್ತದಲ್ಲ, ಹಾಗಾಗಿ ಟೇಪನ್ನು ಅವಳಿಗೇ ಒಪ್ಪಿಸಿಬಿಟ್ಟಿದ್ದ. ತಾಪತ್ರಯವೆಲ್ಲ ಅಳತೆ ಪುಸ್ತಕದ್ದು. ಮೂವತ್ತು ವರ್ಷದ ಗಿರಾಕಿಗಳು ಅದರೊಳಗಿದ್ದರು, ಆದರೆ ಆ ಕಾಗೆಕಾಲು ಗುಬ್ಬಿಕಾಲು ಅಕ್ಷರ ಮಾವನನ್ನು ಬಿಟ್ಟರೆ ದೇವರಿಗೂ ಓದಲಾಗುತ್ತಿರಲಿಲ್ಲ. ಅತ್ತೆ ಹತ್ತಿರ ಬಂದರೆ ಸಾಕು, ಪುಸ್ತಕ ಡ್ರಾಯರಿಗೆ ಹೋಗಿ ಬೀಗ ಬೀಳುತ್ತಿತ್ತು.

ಅವನ ತಂಗಿಯ ಮಗಳು ಕಂಪ್ಯೂಟರ್ ಕೆಲಸದವಳು. ಭಾನುವಾರದೊಳಗೆ ಎಲ್ಲವನ್ನೂ ಒಂದು ವೆಬ್‌ಸೈಟಿಗೆ ಹಾಕಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಳು. ಗಿರಾಕಿಗಳು ಮನೆಯಲ್ಲೇ ಕೂತು ತಮ್ಮ ಅಳತೆ ನೋಡಿಕೊಂಡು ಬಟ್ಟೆ ಹೊಲಿಯಲು ಹೇಳಬಹುದು, ಅತ್ತೆ ಫೋನು ನೋಡಿ ಕತ್ತರಿಸಬಹುದು. ತಪ್ಪು ಅಳತೆ ಹೋದರೆ ಬಟ್ಟೆ ಹಾಳು, ಬಟ್ಟೆಯ ಜೊತೆಗೆ ಮಾವನ ಹೆಸರೂ ಹಾಳು. ಇಷ್ಟಾಗಿ ಭಾನುವಾರ ಬೆಳಿಗ್ಗೆಯೂ ಅಳತೆಗಳನ್ನು ಕೂಡಿಡಲು ಯಾವ ಡೇಟಾಬೇಸು ಎನ್ನುವುದೇ ತೀರ್ಮಾನವಾಗಿರಲಿಲ್ಲ. ಆಫೀಸಿನ ಗಡ್ಡದವನನ್ನು ಸಹಾಯಕ್ಕೆ ಕರೆದದ್ದೇ ಅವಳ ತಪ್ಪು.

“ಟೇಬಲ್ ಇರೋ ಡೇಟಾಬೇಸೇ ಬೇಕು,” ಎಂದಳು ಅವಳು.

“ಇರೋ ಟೇಬಲ್ಲಿಗೇ ಜಾಗ ಇಲ್ಲ, ಇನ್ನೊಂದು ಎಲ್ಲಿ ಹಾಕ್ತೀಯ?” ಎಂದ ಮಾವ, ಕತ್ತರಿಸುವ ಟೇಬಲ್ಲಿನ ಮೇಲಿದ್ದ ಚೂರುಪಾರು ಬಟ್ಟೆ ಸರಿಸುತ್ತ.

“ಅದಲ್ಲ ಮಾವ, ಗೆರೆ ಹಾಕಿದ ಹಾಳೆ ಥರ. ಸಾಲಿಗೊಬ್ಬ ಗಿರಾಕಿ, ಮನೆಗೊಂದು ಅಳತೆ. ಸೊಂಟದ ಮನೇಲಿ ಒಂದು ಅಂಕಿ ಬಿಟ್ಟು ಬೇರೇನೂ ಕೂರಲ್ಲ.”

ಗಡ್ಡದವನು ಮೂಗು ಮುರಿದ. “ಅಷ್ಟು ಬಿಗಿ ಯಾಕೆ? ನಾನು ಹೇಳೋದು ಚೀಲದ ಥರ ಸಾರ್. ಗಿರಾಕಿಗೊಂದು ಚೀಲ, ಏನು ಬೇಕಾದ್ರೂ ತುಂಬಿ.”

“ತುಂಬೋದೇನೋ ಸರಿ, ಆಮೇಲೆ ಹುಡುಕೋರು ಯಾರು? ನಿನ್ನ ಗಡ್ಡಾನಾ?” ಎಂದಳು ಅವಳು.

ಅಂತೂ ಜಗಳ ಸಾಕೆಂದು ಪುಸ್ತಕ ತೆರೆಸಿದಳು. “ಮೊದಲ್ನೇ ಪುಟ. ಸ್ಕೂಲಿನ ಹೆಡ್‌ಮೇಡಂ. ಸೊಂಟ ಹೇಳಿ ಮಾವ.”

“ನಲವತ್ತು. ಮೂವತ್ತಾರು.”

“ಯಾವುದು?”

“ಎರಡೂ.”

“ಒಬ್ಬರಿಗೆ ಎರಡು ಸೊಂಟ ಹೇಗಿರುತ್ತೆ ಮಾವ!”

ಮಾವ ಒಳಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. “ನಲವತ್ತು ಕತ್ತರಿಸೋದು. ಮೂವತ್ತಾರು ಹೇಳೋದು. ನಿಜ ಹೇಳಿ ನೋಡು, ಮುಖ ಊದಿಸ್ಕೊಂಡು ಹೋಗಿ ಬೇರೆ ಅಂಗಡೀಲಿ ಹೊಲಿಸ್ತಾರೆ. ಬಟ್ಟೆನೂ ಬಿಗೀಬಾರದು, ಮನಸ್ಸೂ ನೋಯಬಾರದು ಮರಿ. ಅದಕ್ಕೇ ಎರಡು.”

ಅವಳ ಟೇಬಲ್ಲು ಎರಡು ಅಂಕಿ ಕಂಡದ್ದೇ ತಡ, ಕೆಂಪಗೆ ಮಿನುಗಿ ಒಲ್ಲೆ ಎಂದಿತು. ಗಡ್ಡದವನ ಮುಖ ಊರಗಲವಾಯಿತು. ಅವನ ಚೀಲ ಎಲ್ಲವನ್ನೂ ನುಂಗಿತು: ನಲವತ್ತು, ಮೂವತ್ತಾರು, ಹೊಗಳಿಕೆ ಇಷ್ಟ, ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ಲಿಸಬೇಡ. ಮಾವ ಹೇಳುತ್ತ ಹೋದ, ಅವನು ಕುಟ್ಟುತ್ತ ಹೋದ, ಮಧ್ಯಾಹ್ನದ ಹೊತ್ತಿಗೆ ಪುಸ್ತಕ ಮುಗಿಯಿತು. ಅವಳು ತನ್ನ ಖಾಲಿ ಟೇಬಲ್ಲು ನೋಡುತ್ತ ಕೂತಿದ್ದಳು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಬೇಕು.

“ಒಬ್ಬ ಗಿರಾಕಿ ಕೈಲಿ ತೆರೆಸಿ ನೋಡೋಣ,” ಎಂದ ಗಡ್ಡದವನು. “ಅತ್ತೆಯವರ ಫೋನಿಗೆ ಅವರದೇ ಪುಟ ಕಳಿಸಿದೀನಿ.”

“ಅಯ್ಯಯ್ಯೋ!” ಎಂದು ಮಾವ ಎದ್ದೇಬಿಟ್ಟ. “ಅವಳ ಪುಟನಾ? ವಾಪಸ್ ತಗೊಳೋ ಮಾರಾಯ!”

“ರೀ!” ಎಂದು ಒಳಗಿನಿಂದ ಕೂಗು ಬಂತು.

ಅತ್ತೆ ಫೋನು ಹಿಡಿದು ಬಂದು ಬಾಗಿಲಲ್ಲೇ ನಿಂತು ಓದಿದಳು. “ಸೊಂಟ ಮೂವತ್ತೆಂಟು. ಹೇಳೋದು ಮೂವತ್ತನಾಲ್ಕು. ಹುಷಾರು, ಟೇಪು ತೋರಿಸಬಾರದು.”

ಮಾವ ಹೊಲಿಗೆ ಮಷೀನಿನ ಚಕ್ರವನ್ನು ಸುಮ್ಮನೆ ತಿರುಗಿಸುತ್ತ ನಿಂತ. ಇಪ್ಪತ್ತಾರು ವರ್ಷದ ಸಂಸಾರ ತನ್ನ ಕಣ್ಣೆದುರೇ ಮುರಿದುಬೀಳುತ್ತದೆ, ಅದೂ ಡೇಟಾಬೇಸಿನ ದೆಸೆಯಿಂದ ಎಂದು ಹುಡುಗಿ ಹೆದರಿದಳು.

ಅತ್ತೆ ಬಂದು ಅವಳ ಪಕ್ಕದಲ್ಲಿ ಕೂತಳು. “ಇವರದೊಂದು ಪುಟ ಬಿಟ್ಟುಹೋಗಿದೆ. ಬರ್ಕೋ. ಸೊಂಟ ನಲವತ್ತನಾಲ್ಕು. ಹೇಳೋದು ಮೂವತ್ತೆಂಟು.”

“ಏನಂದೆ?” ಎಂದ ಮಾವ. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

“ಏನಿಲ್ಲ ಬಿಡಿ. ನಿಮ್ಮ ಮನಸ್ಸು ನೋಯಬಾರದು ಅಂತ.” ಅತ್ತೆಗೆ ಅಲ್ಲಿಯವರೆಗೆ ತಡೆದಿದ್ದ ನಗು ಉಕ್ಕಿಬಂತು. ಕೈಗೆ ಬೇರೇನೂ ಸಿಗದೆ ಕತ್ತರಿಸಿಟ್ಟ ತೋಳಿನ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡಳು.

ನಗುವಿನ ನಡುವೆಯೇ ಹುಡುಗಿಗೆ ದಾರಿ ಹೊಳೆಯಿತು. ಚೀಲವಾದರೆ ಹೆಡ್‌ಮೇಡಂ ಕೂಡ ನಾಳೆ ಹೀಗೇ ಎಲ್ಲ ಓದುತ್ತಾರೆ. ಟೇಬಲ್ಲೇ ಸರಿ, ಸೊಂಟಕ್ಕೆ ಒಂದು ಮನೆಯ ಬದಲು ಎರಡು. ಕತ್ತರಿಸೋದು, ಹೇಳೋದು. ಗಿರಾಕಿಗೆ ಕಾಣುವುದು ಎರಡನೆಯದು ಮಾತ್ರ, ಅಂಗಡಿಯವರಿಗೆ ಎರಡೂ. ಗಡ್ಡದವನು ಗೊಣಗಿದ, ಆದರೂ ಚೀಲಗಳನ್ನೆಲ್ಲ ತಾನೇ ಬಿಚ್ಚಿ ಸಂಜೆಯೊಳಗೆ ಟೇಬಲ್ಲಿಗೆ ಸುರಿದುಕೊಟ್ಟ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೊರಟು ನಿಂತ ಮಾವ ಡ್ರಾಯರಿನ ಬೀಗದ ಕೈಯನ್ನು ಅತ್ತೆಯ ಅಂಗೈಯಲ್ಲಿಟ್ಟ. ಅವಳು ಅವನ ಅಂಗಿಯ ಕಾಲರು ಸರಿಮಾಡಿದಳು.

“ಮಾವ, ನಿಮ್ಮ ಫೋನಿಗೆ ಯಾವ ಲಾಗಿನ್ ಹಾಕಿಕೊಡ್ಲಿ?” ಎಂದು ಹುಡುಗಿ ಕೇಳಿದಳು. “ಅಂಗಡಿಯವರದಾ, ಗಿರಾಕಿದಾ?”

ಮೂವತ್ತು ವರ್ಷ ಅಂಗಡಿ ನಡೆಸಿದ ಮಾವ ಹೊಟ್ಟೆ ಒಳಗೆಳೆದುಕೊಂಡು ಸ್ವಲ್ಪ ಯೋಚಿಸಿದ.

“ಗಿರಾಕಿದೇ ಹಾಕು,” ಎಂದ.