ಉಡಿ ತುಂಬಿಸಿಕೊಂಡ ಪಿಕಪ್ಪು

ನಾನು ಒಂದು ಪಿಕಪ್ ಗಾಡಿ. ಲಾರಿಯ ಗತ್ತು ನನಗಿಲ್ಲ, ಕಾರಿನ ನಾಜೂಕೂ ಇಲ್ಲ. ಮಹಾರಾಷ್ಟ್ರದ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಹುಟ್ಟಿದ ದಿನವೇ ನನ್ನನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ, ಗಕ್ಕನೆ ಬ್ರೇಕು ಹಾಕಿಸಿ, ಮೈಮೇಲೆ ನೀರು ಸುರಿದು ಪರೀಕ್ಷೆ ಮಾಡಿದರು. ಹುಟ್ಟಿದ ದಿನವೇ ಪರೀಕ್ಷೆ ಬರೆಯುವ ಕಷ್ಟ ಬೇರೆ ಯಾರಿಗಿದೆ ಹೇಳಿ?

ಪಾಸಾದೆ. ಹುಬ್ಬಳ್ಳಿಯ ಒಬ್ಬ ಟೈಲ್ಸ್ ವ್ಯಾಪಾರಿ ಗುರುಪಾದಪ್ಪ ನನ್ನನ್ನು ಕೊಂಡರು. ಆತ ಸೀಟಿನ ಪ್ಲಾಸ್ಟಿಕ್ಕನ್ನು ಒಂಬತ್ತು ವರ್ಷ ತೆಗೆಯಲಿಲ್ಲ, ಎಂಜಿನ್ನಿನ ಎಣ್ಣೆಯನ್ನೂ ಹೆಚ್ಚು ಕಡಿಮೆ ಅಷ್ಟೇ ಶ್ರದ್ಧೆಯಿಂದ ಬದಲಿಸಲಿಲ್ಲ. ಅಂಗಡಿಯಿಂದ ಗೋದಾಮಿಗೆ, ಗೋದಾಮಿನಿಂದ ಅಂಗಡಿಗೆ. ಹತ್ತು ಮಾರು ಓಡು, ನಿಲ್ಲು, ಮತ್ತೆ ಓಡು. ಏರು ಎಂದರೆ ಏನೆಂದು ನಾನು ಕಂಡದ್ದು ರೈಲ್ವೆ ಸೇತುವೆಯ ಮೇಲೆ ಮಾತ್ರ. ಒಳಗೆಲ್ಲ ಮಸಿ ಕಟ್ಟಿ, ಉಂಡು ಮಲಗಿದವರ ಹಾಗೆ ನನ್ನ ಎಂಜಿನ್ನು ಸೋಮಾರಿಯಾಯಿತು. ಕೊನೆಗೊಂದು ದಿನ ಬೆಳಗಾವಿ ಸೀಮೆಯ ಕಲ್ಲಾಪುರದಿಂದ ಬಾಳಪ್ಪ ಎಂಬ ಸಣಕಲು ಮನುಷ್ಯ ಬಂದು ನನ್ನನ್ನು ಒಯ್ದ. ಮನೆ ಮುಟ್ಟಿದ ಕೂಡಲೇ ಆ ಪ್ಲಾಸ್ಟಿಕ್ಕನ್ನು ಕಿತ್ತು ಎಸೆದ. ಆವತ್ತೇ ಅವನು ನನಗೆ ಹಿಡಿಸಿದ.

ಬಾಳಪ್ಪ ನನ್ನನ್ನು ತಂದದ್ದು ಅವನ ಹೆಂಡತಿ ನೀಲವ್ವನ ಮಾತಿಗಾಗಿ. ನೀಲವ್ವನ ತವರು ಹೊಳೆಗಟ್ಟಿ. ಕಲ್ಲಾಪುರ ಗುಡ್ಡದ ಮೇಲಿದ್ದರೆ ಹೊಳೆಗಟ್ಟಿ ಕೆಳಗೆ ಹೊಳೆಯ ದಂಡೆಯಲ್ಲಿದೆ. ನಡುವೆ ಹನ್ನೊಂದು ತಿರುವಿನ ಘಾಟು. ಹೊಳೆಗಟ್ಟಿಯಲ್ಲಿ ಎಮ್ಮೆಗಳಿಗೆ ಕೊರತೆಯಿಲ್ಲ, ಆದರೆ ಹಾಲನ್ನು ಮೇಲೆ ತರುವ ಗಾಡಿಯಿರಲಿಲ್ಲ. ನೀಲವ್ವ ಡೈರಿಯವರ ಹತ್ತಿರ ಹತ್ತು ಸಲ ಓಡಾಡಿ, ತವರಿನ ಹಾಲನ್ನು ಕೊಳ್ಳಲು ಒಪ್ಪಿಸಿದ್ದಳು. ಅವರದು ಒಂದೇ ಷರತ್ತು. ಬೆಳಿಗ್ಗೆ ಎಂಟೂವರೆಯೊಳಗೆ ಹಾಲು ಕಲ್ಲಾಪುರದಲ್ಲಿ ಹಾಲನ್ನು ತಣಿಸಿಡುವ ಚಿಲ್ಲಿಂಗ್ ಸೆಂಟರ್ ಸೇರಬೇಕು. ಮೊದಲ ವಾರದಲ್ಲಿ ಒಂದು ದಿನವೂ ಹೊತ್ತಿಗೆ ಬಾರದಿದ್ದರೆ ಹೊಳೆಗಟ್ಟಿಯ ಹೆಸರನ್ನು ಕೈಬಿಡುತ್ತಾರೆ. ಊರಿನ ಮೂವತ್ತು ಮಂದಿ ಹೆಂಗಸರಿಗೆ ಅವಳು ಮಾತು ಕೊಟ್ಟಿದ್ದಳು. ತವರಿನಲ್ಲಿ ಮಾತು ಹೋದರೆ ಹೆಣ್ಣುಮಗಳಿಗೆ ಮತ್ತೇನು ಉಳಿಯುತ್ತದೆ?

ಆದರೆ ಪ್ರಯೋಗಕ್ಕೆಂದು ಬರೀ ಕಲ್ಲು ಹೇರಿ ಘಾಟು ಹತ್ತಿಸಿದಾಗ ನಾನು ಮೂರನೇ ತಿರುವಿನಲ್ಲೇ ಕೈ ಚೆಲ್ಲಿದೆ. ನಾಚಿಕೆಯಾಯಿತು. ಬಾಳಪ್ಪ ಬೈಯಲಿಲ್ಲ. ನೇರವಾಗಿ ಪಕ್ಕದ ಮನೆಯ ದಸ್ತಗೀರಸಾಬರ ಹತ್ತಿರ ಹೋದ.

ದಸ್ತಗೀರಸಾಬರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮೊಣಕಾಲು ನೋವು, ಕೂರಲಾರರು, ಏಳಲಾರರು. ಅವರ ಹೊರಸನ್ನೇ ಎತ್ತಿ ತಂದು ಬಾಳಪ್ಪನ ಅಂಗಳದ ಬೇವಿನ ಮರದ ಕೆಳಗೆ ಇಟ್ಟರು. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ನನ್ನ ಎಂಜಿನ್ನಿಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿ ಬಹಳ ಹೊತ್ತು ಆಲಿಸಿದರು.

"ಜೀವ ಗಟ್ಟಿ ಐತಿ. ಮೈಗಳ್ಳತನ ಬಿಡಿಸಬೇಕಷ್ಟ," ಎಂದರು.

ಎಂಟು ದಿನ ನನ್ನನ್ನು ಬಿಚ್ಚಿದರು. ಕೈ ಬಾಳಪ್ಪನದು, ಬಾಯಿ ದಸ್ತಗೀರಸಾಬರದು. ನನ್ನ ಭಾಗಗಳನ್ನೆಲ್ಲ ನೀಲವ್ವನ ಹಳೆಯ ಕೌದಿಯ ಮೇಲೆ ಸಾಲಾಗಿ ಜೋಡಿಸಿದರು. ಸಣ್ಣ ಬೋಲ್ಟುಗಳು ಅವಳ ಒಗ್ಗರಣೆ ಡಬ್ಬಿ ಸೇರಿದವು. ಸಾಸಿವೆಯ ಮನೆಯಲ್ಲಿ ಹತ್ತನೇ ನಂಬರು, ಜೀರಿಗೆಯ ಮನೆಯಲ್ಲಿ ಹನ್ನೆರಡನೇ ನಂಬರು. ಆ ವಾರ ಅವರ ಮನೆಯ ಸಾರಿಗೆ ಒಗ್ಗರಣೆಯೇ ಇರಲಿಲ್ಲ. ಒಳಗಿನ ಮಸಿಯನ್ನು ಕೆರೆದರು, ಪಿಸ್ಟನ್ನಿಗೆ ಹೊಸ ರಿಂಗು ಹಾಕಿದರು, ಡೀಸೆಲ್ ಚಿಮ್ಮಿಸುವ ನಳಿಗೆಗಳನ್ನು ತೊಳೆದು ಕೂಡಿಸಿದರು. ಅಪಘಾತದಲ್ಲಿ ನಜ್ಜುಗುಜ್ಜಾಗಿದ್ದ ದೊಡ್ಡ ಗಾಡಿಯೊಂದರಿಂದ ತಂದ ಟರ್ಬೊವನ್ನು ನನಗೆ ಜೋಡಿಸಿದರು. ಅದು ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುಂಬುವ ಚಕ್ರ. ಕೊನೆಗೆ ದಸ್ತಗೀರಸಾಬರ ಹೆಮ್ಮೆಯ ಕೆಲಸ: ಮಳೆಗಾಲದಲ್ಲಿ ಹೊಳೆಗಟ್ಟಿಯ ಹಳ್ಳದ ನೀರು ಬಾನೆಟ್ಟಿನವರೆಗೆ ಬರುತ್ತದೆಂದು, ನಾನು ಗಾಳಿ ಎಳೆಯುವ ಪೈಪನ್ನು ಮುಂದಿನ ಗಾಜಿನ ಪಕ್ಕದಲ್ಲಿ ನೆತ್ತಿಯ ಎತ್ತರಕ್ಕೆ ಏರಿಸಿದರು. ಕರಿ ಬಣ್ಣ ಬಳಿದು, ಅದರ ಜಾಳಿಗೆಯ ಟೊಪ್ಪಿಗೆಯನ್ನು ಬಿಸಿಲಿಗೆ ಒಣಗಲು ಇಟ್ಟರು.

ರವಿವಾರ ನನಗೆ ಪೂಜೆ. ಗಂಡಸರಿಬ್ಬರೂ ಚಹಾ ಕುಡಿಯಲು ಹೊರಸಿನ ಕಡೆಗೆ ಹೋದಾಗ ನೀಲವ್ವ ತಾಟು ಹಿಡಿದು ಬಂದಳು. ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಒಂದು ಗಳಿಗೆ ನನ್ನನ್ನೇ ನೋಡುತ್ತ ನಿಂತಳು.

"ನಾಳೆ ನನ್ನ ತವರಿಗೆ ಹೊಂಟೀದಿ. ಬರಿ ಉಡೀಲೆ ಹೆಂಗ ಕಳಸ್ಲವ್ವ ನಿನ್ನ?" ಎಂದಳು.

ನಾನು ಗಂಡೋ ಹೆಣ್ಣೋ ಎಂದು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಅವಳು ಅರ್ಧ ನಿಮಿಷದಲ್ಲಿ ತೀರ್ಮಾನಿಸಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಎಲ್ಲವನ್ನೂ ರವಿಕೆಯ ಹೊಸ ಖಣದಲ್ಲಿ ಕಟ್ಟಿದಳು. ಮದುವೆಯಾದ ಮಗಳ ಸೆರಗಿನಲ್ಲಿ ತುಂಬುವ ಉಡಿ ಅದು. ನನಗೆ ಸೆರಗೆಲ್ಲಿ? ಸುತ್ತಲೂ ಹುಡುಕಿದಳು. ನೆತ್ತಿಯ ಮೇಲೆ ಬಾಯಿ ತೆರೆದುಕೊಂಡಿದ್ದ ಹೊಸ ಪೈಪು ಕಂಡಿತು. ನನ್ನ ಬಾಗಿಲ ಮೆಟ್ಟಿಲು ಹತ್ತಿ ಗಂಟನ್ನು ಅದರೊಳಗೆ ಇಳಿಬಿಟ್ಟು, ಬೀಳದಿರಲಿ ಎಂದು ಮೊಣಕೈವರೆಗೆ ತೂರಿ ಒತ್ತಿದಳು. ಆಮೇಲೆ ಬಾಳಪ್ಪ ಒಣಗಿದ ಟೊಪ್ಪಿಗೆಯನ್ನು ತಂದು, ಒಳಗೆ ಇಣುಕದೆ, ಮೇಲೆ ತಿರುವಿ ಕೂರಿಸಿದ.

ನನಗೆ ಖುಷಿಯೂ ಆಯಿತು, ಉಸಿರೂ ಕಟ್ಟಿತು. ಹೇಳೋಣವೆಂದರೆ ನನಗಿರುವುದು ಹಾರ್ನು ಮಾತ್ರ, ಅದನ್ನೂ ಬೇರೆಯವರೇ ಒತ್ತಬೇಕು.

ಸೋಮವಾರ ಖಾಲಿ ಕ್ಯಾನು ಹೊತ್ತು ಘಾಟು ಇಳಿದೆ. ಇಳಿಯುವಾಗ ಗಂಟಿನ ಪಕ್ಕದ ಸಂದಿಯಿಂದ ಬರುವ ಗಾಳಿ ಸಾಕಿತ್ತು. ಆದರೆ ಇಪ್ಪತ್ತೆರಡು ಕ್ಯಾನು ಹಾಲು ಹೇರಿಕೊಂಡು ಹತ್ತುವಾಗ ಕರಿ ಹೊಗೆ ಉಗುಳಿ ತೆವಳಿದೆ. ಎಂಟೂ ಐವತ್ತಕ್ಕೆ ಮುಟ್ಟಿದೆವು. ಮಂಗಳವಾರವೂ ತಡ, ಬುಧವಾರವೂ ತಡ. ದಿನಾ ಮಧ್ಯಾಹ್ನ ನನ್ನನ್ನು ಮತ್ತೆ ಬಿಚ್ಚುತ್ತಿದ್ದರು. ಪಂಪು ನೋಡಿದರು, ಟರ್ಬೊ ನೋಡಿದರು. ದಸ್ತಗೀರಸಾಬರು ಸರಿಯಾಗಿಯೇ ಹೇಳಿದರು: "ಇದಕ್ಕ ಗಾಳಿ ಸಾಲವಲ್ದು." ಕೆಳಗಿನ ಗಾಳಿ ಫಿಲ್ಟರನ್ನು ತೆಗೆದು ನೋಡಿದರೆ ಅದು ಹೊಸ ಹಾಳೆಯಷ್ಟು ಸ್ವಚ್ಛ.

"ಮಾಮಾ, ಮ್ಯಾಲಿನ ಪೈಪ್ ಒಂದು ನೋಡೂಣೇನ್ರೀ?" ಎಂದ ಬಾಳಪ್ಪ.

"ಅದು ನಾ ಕೂಡ್ಸಿದ ಪೈಪ್. ಅದರಾಗೇನ್ ನೋಡ್ತಿ?"

ಅಯ್ಯೋ ಮಾಮಾ, ನೋಡು, ಒಂದೇ ಒಂದು ಸಲ ನೋಡು ಎಂದು ನಾನು ಒಳಗೊಳಗೇ ಗೋಗರೆದೆ.

ಗುರುವಾರ ತಡವಾದಾಗ ಡೈರಿಯ ಮ್ಯಾನೇಜರು ಹೇಳಿಬಿಟ್ಟರು: "ಶನಿವಾರ ರಜಾ. ನಾಳೆ ಒಂದ ದಿನ ಉಳದೈತಿ. ನಾಳೆನೂ ತಡ ಆದ್ರ ಹೊಳೆಗಟ್ಟಿ ಬಿಟ್ಟಂಗ ನೋಡು."

ಶುಕ್ರವಾರ ಬಾಳಪ್ಪನ ಜೊತೆ ಇನ್ನಿಬ್ಬರೂ ಹತ್ತಿದರು. ದಸ್ತಗೀರಸಾಬರು ಮೊಣಕಾಲಿಗೆ ಶಾಲು ಸುತ್ತಿಕೊಂಡು ಕಿಟಕಿ ಪಕ್ಕ, ನೀಲವ್ವ ನಡುವೆ. ಹೊಳೆಗಟ್ಟಿಯಲ್ಲಿ ಹಾಲು ಹೇರಿಸಿದವಳು ಅವಳ ವೈನಿ, ಅಂದರೆ ಅಣ್ಣನ ಹೆಂಡತಿ, ಪಾರವ್ವ. ಕೊನೆಯ ಕ್ಯಾನಿನ ಮುಚ್ಚಳ ಒತ್ತಿ ನೀಲವ್ವನ ಮುಖವನ್ನೇ ನೋಡಿದಳು. ನನಗೆ ಬಯ್ಗುಳಕ್ಕಿಂತ ಆ ನೋಟವೇ ಹೆಚ್ಚು ಚುಚ್ಚಿತು.

ಏಳನೇ ತಿರುವಿನಲ್ಲಿ ನಾನು ನಿಂತೇಬಿಟ್ಟೆ. ಗಂಟೆ ಎಂಟು ದಾಟಿತ್ತು. ಬಾಳಪ್ಪ ಚಕ್ರಕ್ಕೆ ಕಲ್ಲು ಕೊಟ್ಟ. ದಸ್ತಗೀರಸಾಬರು ಕುಂಟುತ್ತ ಇಳಿದು ಬಾನೆಟ್ಟು ಎತ್ತಿದರು. ನೀಲವ್ವ ರಸ್ತೆಯ ಪಕ್ಕ ನಿಂತು ಅಳತೊಡಗಿದಳು.

"ತಪ್ಪು ನಂದ ಐತಿ. ತವರು ಮುಟ್ಟಿದ ಮ್ಯಾಲ ಉಡಿ ಬಿಚ್ಚಿ ಆ ಅಕ್ಕೀಲೆ ಪಾಯಸ ಮಾಡಬೇಕು. ಐದ ದಿನ ಆತು, ನಾ ಬಿಚ್ಚೇ ಇಲ್ಲ. ಅದಕ್ಕ ದೇವಿ ಮುನಿಸಿಕೊಂಡಾಳ."

"ಯಾವ ಉಡಿ?" ಎಂದ ಬಾಳಪ್ಪ.

ಅವಳು ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿ, ಟೊಪ್ಪಿಗೆ ತಿರುವಿ ತೆಗೆದು, ಪೈಪಿನೊಳಗೆ ತೋಳು ತೂರಿಸಿದಳು. ಖಣದ ಗಂಟು ಹೊರಗೆ ಬಂತು.

ಗಂಡಸರಿಬ್ಬರೂ ಒಮ್ಮೆ ಗಂಟನ್ನು, ಒಮ್ಮೆ ಪೈಪಿನ ಬಾಯನ್ನು ನೋಡಿದರು. ಘಾಟಿನಲ್ಲಿ ಒಂದು ಹಕ್ಕಿ ಕೂಗಿತು.

"ಯವ್ವಾ ನೀಲವ್ವಾ," ಎಂದರು ದಸ್ತಗೀರಸಾಬರು ಮೆಲ್ಲಗೆ, "ಅದು ಗಾಡಿ ಮೂಗಽ."

"ಮೂಗು ಒಯ್ದು ನೆತ್ತಿ ಮ್ಯಾಲ ಇಟ್ಟರ ನನಗ ಹೆಂಗ ತಿಳೀಬೇಕ್ರೀ ಮಾಮಾ? ನೀವೂ ನಾಕು ದಿನ ಎಲ್ಲಾ ಬಿಚ್ಚಿದ್ರಿ, ಮೂಗು ಒಬ್ಬರಾರ ನೋಡಿದ್ರೇನು?"

ದಸ್ತಗೀರಸಾಬರು ಮೊದಲು ತಲೆ ತಗ್ಗಿಸಿದರು. ಆಮೇಲೆ ಬಿದ್ದು ಬಿದ್ದು ನಗತೊಡಗಿದರು. ಬಾಳಪ್ಪ ನಗುತ್ತಲೇ ಕೀಲಿ ತಿರುವಿದ.

ಆಗ ನಾನು ಎಳೆದೆ ನೋಡಿ ಉಸಿರು! ಗುಡ್ಡದ ಗಾಳಿಯೆಲ್ಲ ನನ್ನದೇ ಎನ್ನಿಸಿತು. ಟರ್ಬೊ ಸಿಳ್ಳೆ ಹಾಕಿತು. ಎಂಟನೆಯದು, ಒಂಬತ್ತನೆಯದು, ಹತ್ತನೆಯದು. ತಿರುವುಗಳು ಹಿಂದೆ ಬಿದ್ದವು. ಜನ್ಮದಲ್ಲಿ ಮೊದಲ ಸಲ ನನಗೆ ನನ್ನ ಮೇಲೆ ಅಭಿಮಾನವಾಯಿತು. ಚಿಲ್ಲಿಂಗ್ ಸೆಂಟರಿನ ಗೇಟಿಗೆ ಕೈ ಹಾಕಿ ನಿಂತಿದ್ದ ಕಾವಲುಗಾರ ಅದನ್ನು ಮುಚ್ಚುವ ಮೊದಲು ನಾನು ಒಳಗಿದ್ದೆ. ಎಂಟೂ ಇಪ್ಪತ್ತೇಳು.

ಉಡಿಯ ಅಕ್ಕಿಯಲ್ಲಿ ಆ ಸಂಜೆ ಹೊಳೆಗಟ್ಟಿಯಲ್ಲಿ ಪಾಯಸವಾಯಿತು. ದಸ್ತಗೀರಸಾಬರು ಎರಡು ಬಟ್ಟಲು ಉಂಡು, "ಸ್ವಲ್ಪ ಬಣ್ಣದ ವಾಸನಿ ಐತಿ," ಎಂದರು. ಯಾರು ಬಳಿದ ಬಣ್ಣ ಎಂದು ಪಾರವ್ವ ಕೇಳಿದಾಗ ಮೂರನೇ ಬಟ್ಟಲಿಗೆ ಕೈಯೊಡ್ಡಿದರು.

ಹದಿಮೂರು ವರ್ಷ ಆ ಘಾಟು ಹತ್ತಿದೆ. ಕೊನೆಗೆ ಎಂಜಿನ್ನು ಗಟ್ಟಿಯಿದ್ದರೂ ಹೊಳೆಯ ತೇವಕ್ಕೆ ನನ್ನ ಮೈ ತುಕ್ಕು ಹಿಡಿಯಿತು. ಬಾಳಪ್ಪ ಮೈ ಗಟ್ಟಿಯಿದ್ದು ಎಂಜಿನ್ನು ಸತ್ತಿದ್ದ ಇನ್ನೊಂದು ಪಿಕಪ್ಪನ್ನು ತಂದ. ಅದೇ ಬೇವಿನ ಮರದ ಕೆಳಗೆ ನನ್ನ ಎಂಜಿನ್ನು ಅದರೊಳಗೆ ಹೋಯಿತು. ಗುಜರಿಯವನು ಬಂದಾಗ ನೀಲವ್ವ ಅಡ್ಡ ನಿಂತಳು: "ತವರಿಗೆ ಕಳಸ್ತೀನಿ, ಗುಜರಿಗಲ್ಲ."

ಹಾಗೆ ನಾನೀಗ ಹೊಳೆಗಟ್ಟಿಯಲ್ಲಿದ್ದೇನೆ. ಚಕ್ರಗಳ ಜಾಗದಲ್ಲಿ ಕಲ್ಲುಗಳಿವೆ. ನಾನೇ ಊರಿನ ಹಾಲಿನ ಕಟ್ಟೆ. ಪಾರವ್ವ ನನ್ನ ಸೀಟಿನಲ್ಲಿ ಕೂತು ಕಿಟಕಿಯಿಂದಲೇ ಹಾಲು ಅಳೆಯುತ್ತಾಳೆ. ದಿನಾ ಬೆಳಿಗ್ಗೆ ಘಾಟಿನಿಂದ ನನ್ನದೇ ಎಂಜಿನ್ನಿನ ಸಿಳ್ಳೆ ಇಳಿದು ಬರುತ್ತದೆ. ಮಗ ದೊಡ್ಡ ಕೆಲಸದಲ್ಲಿದ್ದಾನೆ ಎನ್ನುವ ಮುದುಕರ ಹಾಗೆ ನಾನು ಬೀಗುತ್ತೇನೆ.

ಮಹಾನವಮಿಗೆ ನೀಲವ್ವ ತಪ್ಪದೆ ಬರುತ್ತಾಳೆ. ಪೂಜೆಗೆ ಮೊದಲು ಮೆಟ್ಟಿಲು ಹತ್ತಿ ನನ್ನ ಪೈಪಿನ ಬಾಯಿಗೆ ಅಂಗೈ ಹಿಡಿಯುತ್ತಾಳೆ. ಉಡಿಯನ್ನು ಆಮೇಲೆ ಸೀಟಿನ ಮೇಲೆ ಇಡುತ್ತಾಳೆ. ಕಳೆದ ವರ್ಷ ಪಾರವ್ವನ ಹೊಸ ಸೊಸೆ ಕೇಳಿದಳು: "ಇದರಾಗ ಎಂಜಿನ್ನಽ ಇಲ್ಲಲ್ರೀ ಅತ್ತಿ, ಮೂಗು ಯಾಕ ನೋಡ್ತೀರಿ?"

"ಒಮ್ಮೆ ಇದರ ಉಸಿರು ಕಟ್ಟಿದ ಕೈ ಇದು, ನನ್ನವ್ವ. ನೋಡದ ಇದ್ರ ಈ ಕೈಗೆ ಸಮಾಧಾನ ಇಲ್ಲ," ಎಂದು ನೀಲವ್ವ ನಕ್ಕಳು.

ಆ ಅಂಗೈಯ ಬಿಸಿ ಪೈಪಿನೊಳಗೆ ಇಳಿಯುತ್ತದೆ. ಎಳೆದುಕೊಳ್ಳಲು ನನ್ನಲ್ಲಿ ಏನೂ ಉಳಿದಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ವರ್ಷಕ್ಕೊಮ್ಮೆ, ಅವಳಿಗಾಗಿ, ಉಸಿರೆಳೆಯಲು ನೋಡುತ್ತೇನೆ.